ಸೋಮಮ್ಮನ ಗುಬುಟು

ನವೆಂಬರ್ 3, ಸೋಮವಾರ. ಮಳವಳ್ಳಿ

ಸಕಲ ಸದ್ಗುಣ ಸಂಪನ್ನೆಯೂ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮೂರನೆಯ ವರ್ಷದ ವಿದ್ಯಾರ್ಥಿನಿಯೂ ಆದ ಶಾಲಿನಿ ಎಂಬ ನಾನು, ಮಂಡ್ಯದ ಹಾಸ್ಟೆಲಿನಿಂದ ಮೂರು ವಾರ ಗಡೀಪಾರಾಗಿ ಇಂದು ಬೆಳಿಗ್ಗೆ ಹತ್ತೂವರೆಗೆ ಮಳವಳ್ಳಿಯಲ್ಲಿ ಬಸ್ಸಿಳಿದೆ.

ಅಪರಾಧ: ವಾರ್ಡನ್ ಮೇಡಂ ಕೋಣೆಯ ಟಿ.ವಿ. ದಿನಾ ಧಾರಾವಾಹಿ ಮುಗಿಯಲು ಎರಡು ನಿಮಿಷ ಇದೆ ಎನ್ನುವಾಗ ತಾನಾಗಿ ಆರಿಹೋಗುವಂತೆ ಮಾಡಿದ್ದು. ಆಯುಧ: ಬೆಂಕಿಪೊಟ್ಟಣದಷ್ಟಿರುವ, ನಾನೇ ಕಟ್ಟಿದ ರಿಮೋಟು. ಏಳನೆಯ ದಿನ ಮೇಡಂ ಟಿ.ವಿ.ಗೆ ನಿಂಬೆಹಣ್ಣು ನಿವಾಳಿಸಿದರು. ಒಂಬತ್ತನೆಯ ದಿನ ನಾನು ಕಿಟಕಿ ಹೊರಗೆ ನಗು ತಡೆಯಲಾರದೆ ಸಿಕ್ಕಿಬಿದ್ದೆ. ಪಶ್ಚಾತ್ತಾಪ: ನಗು ತಡೆಯದಿದ್ದುದಕ್ಕೆ ಮಾತ್ರ.

ಅಪ್ಪನ ತೀರ್ಪು ಫೋನಿನಲ್ಲೇ ಹೊರಬಿತ್ತು. "ಟಿ.ವಿ. ಆರಿಸೋದು ಕಲ್ತಿದ್ದೀಯಲ್ಲ, ಮಾವನ ಅಂಗಡೀಲಿ ಕೂತು ಉರಿಸೋದು ಕಲಿ."

ಮಾವ ಎಂದರೆ ಅಮ್ಮನ ಅಣ್ಣ ಶಿವರಾಜು. ಬಸ್ ಸ್ಟ್ಯಾಂಡ್ ಹಿಂದೆ ಟಿ.ವಿ. ರಿಪೇರಿ ಅಂಗಡಿ. ಈಗ ಬರುವುದೆಲ್ಲ ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿ.ವಿ.ಗಳು. ಆದರೂ ಹಿಂದಿನ ಕೋಣೆಯಲ್ಲಿ ಮರದ ಡಬ್ಬದ ಹಳೆಯ ಸೆಟ್ಟುಗಳು ಸೂರು ಮುಟ್ಟುವಷ್ಟಿವೆ. ಮಾವನ ಸಂಸ್ಥಾನದ ಸಂವಿಧಾನಕ್ಕೆ ಒಂದೇ ಕಲಮು: ಯಾವ ಭಾಗ ಬದಲಿಸಿದರೂ ಹಿಂದಿನ ಮುಚ್ಚಳದ ಒಳಮೈಗೆ ಬರೆಯಬೇಕು. ಏನು ಹೋಗಿತ್ತು, ಯಾಕೆ ಹೋಗಿತ್ತು, ಹೊಸದು ಎಲ್ಲಿಂದ ಬಂತು.

"ಯಾರು ಓದ್ತಾರೆ ಮಾವ?"

"ಮುಂದೆ ಬಿಚ್ಚೋನು ಓದ್ತಾನೆ. ಅವ್ನಿಗೆ ಸುಳ್ಳು ಯೋಳ್ಬಾರ್ದು ಕಣಮ್ಮಿ."

ಗಂಭೀರವಾಗಿ ತಲೆಯಾಡಿಸಿದೆ. ಮಧ್ಯಾಹ್ನ ಒಂದು ಮುಚ್ಚಳದೊಳಗೆ "ಹಲ್ಲಿ: 1. ಸ್ವಇಚ್ಛೆಯಿಂದ ಬಂದದ್ದು" ಎಂದು ಬರೆದೆ.

ನವೆಂಬರ್ 5, ಬುಧವಾರ

ಇಂದು ಗೂಡ್ಸ್ ಆಟೋದಲ್ಲಿ ಒಬ್ಬ ಮಹಾನುಭಾವರ ಆಗಮನವಾಯಿತು. ಇಪ್ಪತ್ತಿಂಚಿನ ಕಪ್ಪುಬಿಳುಪು ಟಿ.ವಿ. ಮರದ ಡಬ್ಬ, ಪಕ್ಕಕ್ಕೆ ಸರಿಸುವ ಬಾಗಿಲು, ನಾಲ್ಕರಲ್ಲಿ ಮೂರು ಕಾಲು. ಅಮ್ಮನ ತವರೂರಿನ, ಅಂದರೆ ಕಿರುಗಾವಲಿನ ಆಚೆಗಿರುವ ನಮ್ಮಜ್ಜಿಯ ಊರಿನ ಪಂಚಾಯಿತಿಗೆ 1985ರಲ್ಲಿ ಸರ್ಕಾರ ಕೊಟ್ಟದ್ದಂತೆ. ಜೊತೆಯಲ್ಲಿ ಬಂದವರು ಪಾರ್ಥಸಾರಥಿ ಮೇಷ್ಟ್ರು. ಅವರೂ ಆ ಊರಿನವರೇ, ಈಗ ಮಂಡ್ಯದಲ್ಲಿ ನಿವೃತ್ತ ಜೀವನ. ಹಳೆಯ ಪಂಚಾಯಿತಿ ಆಫೀಸನ್ನು ಊರಿನ ವಸ್ತುಸಂಗ್ರಹಾಲಯ ಮಾಡುತ್ತಿದ್ದಾರೆ. 23ನೇ ತಾರೀಕು ರಾಜ್ಯೋತ್ಸವದ ಜೊತೆ ಉದ್ಘಾಟನೆ. ದೀಪ ಬೆಳಗುವ ಬದಲು ಈ ಟಿ.ವಿ. ಹಚ್ಚುವುದು ಮೇಷ್ಟ್ರ ಕನಸು.

"ಶಿವರಾಜು, ನೀನು ನಮ್ಮೂರ ಹುಡುಗ. ಇಲ್ಲದ್ದೆಲ್ಲ ಹೊಂದಿಸಿ ಇದು ಉರಿಯೋ ಹಾಗೆ ಮಾಡಪ್ಪ."

ಇಲ್ಲದ್ದು: ಒಂದು ಕಾಲು, ಹಿಂದಿನ ಮುಚ್ಚಳ, ಪರದೆಗೆ ಭಾರೀ ವೋಲ್ಟೇಜು ಕೊಡುವ ಇ.ಎಚ್.ಟಿ., ಮತ್ತು ಆನ್ ಮಾಡುವ ನಾಬು. ನಾಬು ಇದ್ದ ಜಾಗದಲ್ಲಿ ಬೆರಳುದ್ದದ ತೂತು. ತಿರುಗಿಸುವ ಕಡ್ಡಿ ಅದರ ತಳದಲ್ಲಿದೆ. ಇಕ್ಕಳವೂ ಮುಟ್ಟುವುದಿಲ್ಲ.

ಟಿ.ವಿ. ಮುಂದೆ ಇಡಲು ಬರೆಸಿದ ದಪ್ಪ ಕಾರ್ಡನ್ನು ಮೇಷ್ಟ್ರು ಓದಿದರು: "ಊರಿಗೆ ಊರೇ ಭೇದವಿಲ್ಲದೆ ಒಂದೇ ಚಾಪೆಯಲ್ಲಿ ಕೂತು ನೋಡಿದ ಟಿ.ವಿ." ನಾನು ಚಪ್ಪಾಳೆ ತಟ್ಟಿದೆ. ಮಾವ ತಲೆ ತಗ್ಗಿಸಿ ಬೆಸುಗೆ ಕಡ್ಡಿಯ ತುದಿ ಒರೆಸುತ್ತಿದ್ದ.

"ನಿಂದು ಯಾವೂರಮ್ಮ?" ಎಂದರು ನನ್ನನ್ನು.

"ಮಂಡ್ಯ ಸಾರ್" ಎಂದೆ. ಹಾಸ್ಟೆಲಿನಲ್ಲೂ ಹಾಗೇ ಹೇಳುವುದು. ಊರಿನ ಹೆಸರು ಹೇಳಿದರೆ ಯಾವ ಬೀದಿ ಎಂಬ ಎರಡನೆಯ ಪ್ರಶ್ನೆ ಬರುತ್ತದೆ.

ನವೆಂಬರ್ 8, ಶನಿವಾರ

ಟಿ.ವಿ. ಕಾಲಿನ ಶೋಧದಲ್ಲಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಕಡೆ ಹೋಗಿದ್ದೆ. ಅಲ್ಲಿ ಕೂಲಿ ಮಾಡಿ ನಿವೃತ್ತರಾದ ಒಬ್ಬರ ಹಿತ್ತಲಲ್ಲಿ ಇದೇ ಕಂಪನಿಯ ಸೆಟ್ಟು ಇದೆ ಎಂದು ಮಾವನಿಗೆ ಗೊತ್ತಿತ್ತು. ಇತ್ತು. ಪರದೆ ಇರಬೇಕಾದ ಜಾಗದಲ್ಲಿ ಒಂದು ಕೋಳಿ ಕಾವಿಗೆ ಕೂತು ವಾರ್ತೆ ಓದುವವಳಂತೆ ನನ್ನನ್ನೇ ನೋಡುತ್ತಿತ್ತು.

"ಕಾಲು ತಗೊ, ಮುಚ್ಚಳಾನೂ ತಗೊ. ಕೋಳಿ ಎದ್ರೆ ಮಾತ್ರ ನಿನ್ ಕಾಲು ಮುರೀತೀನಿ" ಎಂದಳು ಮನೆಯಾಕೆ.

ಡಬ್ಬ ಅಲುಗದಂತೆ ಇಟ್ಟಿಗೆ ಕೊಟ್ಟು, ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಕಾಲು ಬಿಚ್ಚಿದೆ. ಕೋಳಿ ಮಿಸುಕಲಿಲ್ಲ. ನನ್ನ ಜೀವಮಾನದಲ್ಲೇ ಇಷ್ಟು ಹೊತ್ತು ನಾನು ಯಾರನ್ನೂ ಕೆಣಕದೆ ಇದ್ದದ್ದು ಇದೇ ಮೊದಲು. ಮುಚ್ಚಳದೊಳಗೆ ಬರೆದೆ: "ಕಾಲು, ಮುಚ್ಚಳ: ವಿ.ಸಿ. ಫಾರಂ ಹತ್ತಿರದ ಒಂದು ಕೋಳಿಯ ಅನುಮತಿಯೊಂದಿಗೆ." ಮಾವ ಓದಿ, ಅಳಿಸದೆ ಬಿಟ್ಟ.

ನವೆಂಬರ್ 11, ಮಂಗಳವಾರ

ಮದ್ದೂರಿನ ಹಳೆ ಮೆಕ್ಯಾನಿಕ್ ಸಿದ್ದೇಶ್ ಹತ್ತಿರ ಇ.ಎಚ್.ಟಿ. ಸಿಕ್ಕಿತು. ಒಳಗಿನ ಬೋರ್ಡು ಹೊರಗೆಳೆದು ಕರೆಂಟು ಕೊಟ್ಟೆವು. ಮೊದಲು ಸುಟ್ಟ ಧೂಳಿನ ವಾಸನೆ, ಆಮೇಲೆ ಒಂದು ಬಿಳಿ ಗೆರೆ, ಆಮೇಲೆ ಪರದೆ ತುಂಬ ಬೆಳಕು. ಮಾವ ಸ್ಟೂಲಿನ ಮೇಲೆ ಕೂತೇಬಿಟ್ಟ.

"ಇದು ಕೆಟ್ಟೋದಾಗ ನಂಗೆ ಆರು ವರ್ಸ. ಎಂಟು ದಿನ ಅತ್ತಿದ್ದೆ ಕಣಮ್ಮಿ" ಎಂದ.

ನಾನು ಹಾರಿಸಬೇಕೆಂದಿದ್ದ ನಗೆಚಟಾಕಿ ಬಿಟ್ಟು ಪರದೆಯ ಧೂಳು ಒರೆಸಿದೆ.

ನವೆಂಬರ್ 13, ಗುರುವಾರ

ವಿಜಯ! ನಾಬು ಎಲ್ಲೂ ಸಿಗದಾಗ ನನ್ನ ಮಹಾಮೆದುಳು ಚನ್ನಪಟ್ಟಣವನ್ನು ನೆನೆಯಿತು. ತೂತಿನ ಅಳತೆ, ಕಡ್ಡಿಯ ಅಳತೆ ಹಿಡಿದು ಗೊಂಬೆ ಮಾಡುವ ಒಬ್ಬರ ಮುಂದೆ ನಿಂತೆ. ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉದ್ದನೆಯ ಕತ್ತು ಬಿಟ್ಟು, ಒಳಗೆ ಅರ್ಧಚಂದ್ರದ ತೂತು ಕೊರೆದು, ಕಪ್ಪು ಅರಗು ಹಚ್ಚಿದರು.

"ಗೊಂಬೆ ಕಣ್ಣಾದ್ರೆ ಎರಡು ಬೇಕು. ಒಂದೇ ಸಾಕಾ?"

"ನಮ್ಮದು ಒಕ್ಕಣ್ಣಿನ ಗೊಂಬೆ" ಎಂದೆ.

ಕೂತಿತು. ಟಕ್ ಎಂದಿತು. ಉರಿಯಿತು. ಮೇಷ್ಟ್ರಿಗೆ ಫೋಟೊ ಕಳಿಸಿದೆ. "ಶಭಾಷ್ ಮಗಳೇ! ಅಸಲಿಯಂತೆಯೇ ಇದೆ" ಎಂದು ಉತ್ತರ, ಜೊತೆಗೆ ಆರು ಹೂಗುಚ್ಛ. ನಾಳಿದ್ದು ಅಜ್ಜಿಗೆ ತೋರಿಸಿ ಅವಳಿಂದಲೂ ಬಹುಪರಾಕ್ ವಸೂಲಿ ಮಾಡುವುದು.

ನವೆಂಬರ್ 15, ಶನಿವಾರ

ಅಜ್ಜಿಯ ಊರಿನಿಂದ ಈಗಷ್ಟೇ ಬಂದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಸೋಮಮ್ಮಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ತೀರಿಕೊಂಡ ಪುಟ್ಟಮಾದಯ್ಯಜ್ಜನ ಫೋಟೊ. ನಾನು ರಾಜದೂತನ ಧಾಟಿಯಲ್ಲಿ ನಾಬನ್ನು ಅಂಗೈಲಿಟ್ಟು ಮಂಡಿಸಿದೆ. ಮೇಷ್ಟ್ರ ಕಾರ್ಡನ್ನೂ ಬಾಯಿಪಾಠ ಒಪ್ಪಿಸಿದೆ.

"ಒಂದೇ ಚಾಪೇಲಾ?" ಎಂದಳು ಅಜ್ಜಿ.

"ಹೂಂ ಅಜ್ಜಿ. ಭೇದವಿಲ್ಲದೆ."

ಅಜ್ಜಿ ಎದ್ದು ಒಳಗೆ ಹೋಗಿ ಹಳೆಯ ಎಲೆಅಡಿಕೆ ಚೀಲ ತಂದಳು. ಅದರ ಒಳಗಿನ ಒಳಗಿಂದ ಒಂದು ವಸ್ತು ತೆಗೆದು ನನ್ನ ನಾಬಿನ ಪಕ್ಕ ಇಟ್ಟಳು. ಕಪ್ಪು ಪ್ಲಾಸ್ಟಿಕ್ಕು, ಉದ್ದನೆಯ ಕತ್ತು, ತುದಿಗೆ ಬೆಳ್ಳಿ ಬಣ್ಣದ ಉಂಗುರ.

"ನಿಂದು ವಸಿ ದಪ್ಪ ಆಯ್ತು. ಗುಬುಟು ಇಂಗಿರ್ಬೇಕು."

ನನಗೆ ನಗು ಬಂತು. ಎಷ್ಟು ನಕ್ಕೆನೆಂದರೆ ಅವರೆಕಾಯಿ ಮೊರ ಉರುಳಿತು. "ಕಳ್ಳಿ! ಅಜ್ಜಿ, ನೀನು ಕಳ್ಳಿ!"

"ಕೂತ್ಕೊ" ಎಂದಳು. ಕೂತೆ.

"ಆಗ ನಾನು ಪಂಚಾಯ್ತಿ ಆಪೀಸು ಗುಡ್ಸೋಳು. ಬೆಳಿಗ್ಗೆ ಆ ಟಿ.ವಿ. ಮ್ಯಾಲಿನ ದೂಳು ಒರ್ಸೋಳು ನಾನೇ. ಸಂಜೆ ಅದ್ರ ಮುಂದೆ ಕೂರಂಗಿಲ್ಲ. ಮೇಲಿನ ಬೀದಿಯೋರು ಒಳಗೆ ಚಾಪೆ ಮ್ಯಾಲೆ. ನಮ್ಮ ಕೇರಿಯೋರು ಕಿಟಕಿ ಆಚೆ. ನಿಮ್ಮಜ್ಜ ನಿಮ್ಮಾವನ್ನ ಎಗಲ ಮ್ಯಾಲೆ ಕೂರಿಸ್ಕೊಂಡು ನಿಂತಿರೋರು. ಎಂಗಸ್ರು ನಾವು ಇನ್ನೂ ಹಿಂದೆ. ಗಂಡಸ್ರ ಕಂಕುಳ ಸಂದೀಲಿ ಎಷ್ಟು ಕಂಡ್ರೆ ಅಷ್ಟೇ ಸಿನ್ಮಾ." ಅಜ್ಜಿ ಉರುಳಿದ ಕಾಯಿಗಳನ್ನು ಮತ್ತೆ ಮೊರಕ್ಕೆ ಆಯತೊಡಗಿದಳು.

"ಒಂದಿನ ಮಳೆ ಬಂತು. ಒಳಗಿಂದ ತಿಮ್ಮಯ್ಯ ಎದ್ದು ಕಿಟಕಿ ತಾವ್ಕೆ ಬಂದ. ಒಳಕ್ಕೆ ಬನ್ರೋ ಅಂತಾನೇನೋ ಅನ್ಕೊಂಡೆ ಕಣಮ್ಮಿ. ಕಿಟಕಿ ಮುಚ್ಚಿ ಚಿಲ್ಕ ಹಾಕ್ದ. ಟಿ.ವಿ. ನೆನೀತದಂತೆ."

ಮರುದಿನ ಗುಡಿಸಲು ಹೋದಾಗ ಅಜ್ಜಿ ನಾಬನ್ನು ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಅವಳಿಗಾಗ ಇಪ್ಪತ್ತೈದು ವರ್ಷ. ಮೇಲಿನ ಬೀದಿಯ ಎರಡು ಪಾರ್ಟಿಯವರು ನೀನು ಕದ್ದೆ, ನಿನ್ನ ಮಗ ಕದ್ದ ಎಂದು ಕೈ ಕೈ ಮಿಲಾಯಿಸಿದರು. ಕಂಪನಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಉಳ್ಳವರು ಮನೆಮನೆಗೆ ಟಿ.ವಿ. ತಂದರು. ಆಫೀಸಿನ ಸೆಟ್ಟು ಮೂಲೆಗೆ ಹೋಯಿತು. ಕಸ ಗುಡಿಸುವವಳನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

"ಮಾವ ಎಂಟು ದಿನ ಅತ್ತಿದ್ದನಂತೆ" ಎಂದೆ.

"ಗೊತ್ತು. ಆದ್ರೂ ಕೊಡ್ನಿಲ್ಲ."

"ಈಗ ಕೊಡ್ತೀಯಾ?"

"ಯಾಕ್ ಕೊಡ್ಲಿ? ಒಂದೇ ಚಾಪೇಲಿ ಕೂತಿದ್ವು ಅಂತ ಬರ್ಕೊಂಡವ್ರಲ್ಲ. ಹಂಗಾದ್ರೆ ನಾನ್ಯಾಕೆ ಕೀಳ್ತಿದ್ದೆ, ಗುಬುಟು ಕಳದೇ ಇಲ್ಲ. ಕಳೀದೇ ಇರೋದ್ನ ಎಂಗೆ ಕೊಡಾದು?"

ನವೆಂಬರ್ 16, ಭಾನುವಾರ

ಇವತ್ತು ಏನೂ ಇಲ್ಲ. ಮಾವ ಎರಡು ಸಲ ಯಾಕಮ್ಮಿ ಜ್ವರವಾ ಎಂದ.

ನವೆಂಬರ್ 18, ಮಂಗಳವಾರ

ರಹಸ್ಯ ಯೋಜನೆ ಸಿದ್ಧವಾಯಿತು. ಚನ್ನಪಟ್ಟಣದ ನಾಬು ಹಾಕಿ ಸೆಟ್ಟು ಒಪ್ಪಿಸುವುದು. ಒಳಗೆ ನನ್ನ ಬೆಂಕಿಪೊಟ್ಟಣದ ಸರ್ಕ್ಯೂಟು. ಮೇಷ್ಟ್ರು "ಒಂದೇ ಚಾಪೆ" ಎಂದ ಕೂಡಲೇ ಟಿ.ವಿ. ಢಬ್ ಎಂದು ಆರಿಹೋಗುವುದು. ಮತ್ತೆ ಹಚ್ಚಿದರೆ ಮತ್ತೆ. ಮೇಲಿನ ಬೀದಿಯವರು ನಿಂಬೆಹಣ್ಣು ತರುವುದು. ಅಜ್ಜಿಯನ್ನು ಫೋನಿನಲ್ಲಿ ಒಪ್ಪಿಸಲು ಹೋದೆ. ಅವಳು ಫೋನಿಟ್ಟು ಮಧ್ಯಾಹ್ನದ ಬಸ್ಸಿಗೆ ಅಂಗಡಿಗೇ ಬಂದಿಳಿದಳು.

"ಕದ್ದು ಮಾಡಾದು ನಂಗೇ ಆಗೋಯ್ತು ಕಣಮ್ಮಿ, ಮೂವತ್ತೆಂಟು ವರ್ಸ. ಏನ್ ಬಂತು? ಗುಬುಟು ಕದ್ದಿದ್ದು ಊರ್ಗೆಲ್ಲ ಗ್ಯಾಪ್ಕ ಅದೆ. ಕಿಟಕಿ ಮುಚ್ಚಿದ್ದು ಒಬ್ಬನ್ಗೂ ಗ್ಯಾಪ್ಕ ಇಲ್ಲ. ನೀನು ಮಾಡಂಗಿದ್ರೆ ಎದುರ್ಗೆ ನಿಂತ್ಕೊಂಡು ಮಾಡು. ಇಲ್ದಿದ್ರೆ ಸುಮ್ಕೆ ಕೂತ್ಕೊ."

ನಾನು ಹಾಸ್ಯಕ್ಕೆ ಎಂದು ಏನೋ ಗೊಣಗಿದೆ.

ಆಮೇಲೆ ಅವಳು ನಡೆದದ್ದನ್ನೆಲ್ಲ ಹೇಳಿ ಮಾವನಿಗೆ ನಾಬು ತೋರಿಸಿದಳು. ಮಾವ ಅದನ್ನು ಮುಟ್ಟಲಿಲ್ಲ.

"ಅವ್ವಾ, ಆ ಟಿ.ವಿ.ನ ನಾನೇ ಸರಿ ಮಾಡ್ತೀನಿ ಅಂತ ತಾನೆ ನಾನು ಈ ಕೆಲ್ಸ ಕಲ್ತಿದ್ದು."

"ಗೊತ್ತು ಕಣ್ಲಾ. ಅದ್ಕೇ ಯೋಳ್ನಿಲ್ಲ."

ಮಾವ ಮುಚ್ಚಳ ಬಿಚ್ಚಿ, ಕೋಳಿಯ ಅನುಮತಿಯ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದ: "ನಾಬು: 1987ರಲ್ಲಿ ಸೋಮಮ್ಮ ತೆಗೆದದ್ದು. ಕಾರಣ: ಕಿಟಕಿ ಮುಚ್ಚಿದ್ದು. ಹೊಸದು ಹಾಕಿಲ್ಲ." ಚನ್ನಪಟ್ಟಣದ್ದನ್ನು ಎಳೆದು ತೆಗೆದು ನನ್ನ ಕೈಗಿತ್ತ.

"ಮೇಷ್ಟ್ರಿಗೆ ನೀನೇ ಯೋಳ್ಬೇಕು. ನಂಗೆ ಬಾಯಿ ಬರಾಕಿಲ್ಲ."

ನವೆಂಬರ್ 20, ಗುರುವಾರ. ಮಂಡ್ಯ ಬಸ್ ಸ್ಟ್ಯಾಂಡ್

ಮೇಷ್ಟ್ರ ಮನೆಯಿಂದ ಬಂದು ಇಲ್ಲಿ ಕೂತಿದ್ದೇನೆ.

ಮೇಷ್ಟ್ರ ಹೆಂಡತಿ ಪಂಕಜಮ್ಮನವರು ಕಾಫಿ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

"ನಾನೂ ಒಳಗೆ ಕೂತಿದ್ದವನೇ. ನಾವೆಲ್ಲ ಟಿ.ವಿ. ಕಡೆ ನೋಡ್ತಿದ್ವಮ್ಮ, ಕಿಟಕಿ ಕಡೆ ಯಾರು ನೋಡ್ತಾರೆ."

"ಹಾಗಾದ್ರೆ ಕಾರ್ಡು ತಿದ್ದಿ ಸಾರ್."

"ತಿದ್ದಬಹುದು. ಆದರೆ ಹಬ್ಬದ ದಿನ ಹಳೇ ಗಾಯ ಯಾಕೆ ಕೆರೀಬೇಕು? ಉದ್ಘಾಟನೆ ಮುಗೀಲಿ, ಆಮೇಲೆ ನಿಧಾನಕ್ಕೆ ನೋಡೋಣ. ಈಗ ನಿನ್ನ ಚನ್ನಪಟ್ಟಣದ್ದು ಹಾಕಿಬಿಡು, ಅದೂ ಚೆನ್ನಾಗೇ ಇದೆಯಲ್ಲ."

"ಅದು ನನ್ನ ಜೇಬಲ್ಲಿದೆ ಸಾರ್. ಹಾಕೋದಿಲ್ಲ."

"ಬೆದರಿಕೆ ಹಾಕ್ತಿದ್ದೀಯಾ?"

"ಇಲ್ಲ ಸಾರ್. ಮೊದಲೇ ತಿಳಿಸ್ತಿದ್ದೀನಿ."

ಪಂಕಜಮ್ಮನವರು ಬಾಗಿಲವರೆಗೆ ಬಂದರು. "ಅವರಿಗೆ ಬರೆದದ್ದನ್ನ ತಿದ್ದೋದು ಅಂದ್ರೆ ಹಲ್ಲು ಕೀಳಿಸಿದ ಹಾಗೆ ಕಣಮ್ಮ. ನೀನು ಬಿಡಬೇಡ" ಎಂದು ಪಿಸುಗುಟ್ಟಿದರು.

ನವೆಂಬರ್ 22, ಶನಿವಾರ

ಸೆಟ್ಟಿಗೆ ಡಿಶ್ಶಿನ ಬಾಕ್ಸು ಜೋಡಿಸಿ, ಹೇಳಿದ ಮಾತಿನಂತೆ ಒಪ್ಪಿಸಿ ಬಂದೆವು. ನಾಬಿನ ಜಾಗದಲ್ಲಿ ತೂತು. ಕಾರ್ಡು ಹಾಗೇ ಇದೆ. ಹೊಸ ಸುಣ್ಣ ಬಳಿದ ಕಿಟಕಿಗೆ ಮಾವಿನ ತೋರಣ.

ನವೆಂಬರ್ 23, ಭಾನುವಾರ

ಹನ್ನೊಂದಕ್ಕೆ ಸಭೆ. ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಮುಂದಿನ ಸಾಲಿನಲ್ಲಿ ಮೇಲಿನ ಬೀದಿಯ ಹಿರಿಯರು. ಎಂಬತ್ತರ ಆಸುಪಾಸಿನ ತಿಮ್ಮಯ್ಯ ಶಾಲು ಹೊದ್ದು ನಡುವೆ ಕೂತಿದ್ದರು. ಯಾರೂ ಯಾರಿಗೂ ಎಲ್ಲಿ ಕೂರಬೇಕೆಂದು ಹೇಳಲಿಲ್ಲ. ಆದರೂ ನಮ್ಮ ಕೇರಿಯವರು ಹಿಂದಿನ ಸಾಲು ತುಂಬಿ ಬಾಗಿಲ ಹೊರಗೆ ನಿಂತಿದ್ದರು.

ಮೇಷ್ಟ್ರು ಭಾಷಣ ಮಾಡಿ ಕಾರ್ಡು ಓದಿದರು. ಕೊನೆ ಗಳಿಗೆಯಲ್ಲಾದರೂ ನಾನು ನಾಬು ಹಾಕಿರುತ್ತೇನೆ ಎಂದುಕೊಂಡಿದ್ದರೋ ಏನೋ, ಟಿ.ವಿ. ಹತ್ತಿರ ಹೋದರು. ಬೆರಳು ತೂತಿನಲ್ಲಿ ಹೋಯಿತು, ಏನೂ ಸಿಗಲಿಲ್ಲ. ಯಾರೋ ಇಕ್ಕಳ ತಂದರು, ಅದು ಒಳಗೆ ಹಿಡಿಸಲಿಲ್ಲ. ನಗು ಶುರುವಾಯಿತು. ಇದಕ್ಕಿಂತ ಒಳ್ಳೆಯ ಗಳಿಗೆ ನನ್ನ ಕಸುಬಿನಲ್ಲಿ ಬಂದದ್ದಿಲ್ಲ. ನಾನು ನಗಲಿಲ್ಲ. ಮೈಕಿನ ಹತ್ತಿರ ಹೋದೆ.

"ನಾಬು ಇಲ್ಲ. ಹೊಸದು ನನ್ನ ಹತ್ರ ಇದೆ, ಹಾಕೋದಿಲ್ಲ. ಈ ಕಾರ್ಡಿನಲ್ಲಿರೋದು ಸುಳ್ಳು. ನಾನು ಈ ಊರಿನ ಕೆಳಗಿನ ಕೇರಿಯ ಸೋಮಮ್ಮನ ಮೊಮ್ಮಗಳು. ನಮ್ಮೋರು ಚಾಪೆ ಮೇಲೆ ಕೂತಿರಲಿಲ್ಲ. ಆ ಕಿಟಕಿ ಆಚೆ ನಿಂತಿದ್ದರು."

"ಏಯ್, ಯಾರ್ಲಾ ಇವಳು, ಇಳಿಸ್ರೋ" ಎಂದಿತು ಒಂದು ದನಿ. ಮಾವ ಬಂದು ನನ್ನ ಪಕ್ಕ ನಿಂತ.

ಆಗ ಅಜ್ಜಿ ಬಾಗಿಲಿಂದ ಒಳಗೆ ಬಂದಳು. ಕುರ್ಚಿ ಸಾಲಿನ ನಡುವೆ ನಡೆದು ಬಂದು ಎಲೆಅಡಿಕೆ ಚೀಲ ಬಿಚ್ಚಿ ನಾಬನ್ನು ಎತ್ತಿ ಹಿಡಿದಳು.

ತಿಮ್ಮಯ್ಯನ ಬಾಯಿ ತೆರೆಯಿತು. "ಸೋಮೀ! ನೀನೇನಾ ಕದ್ದೋಳು?"

"ಊ ಕಣಪ್ಪ, ನಾನೇ. ಕಿಟಕಿ ಮುಚ್ದೋನು ನೀನು. ಇಬ್ರೂ ಒಪ್ಕೊಳವಾ?"

"ಮಳೆ ಬತ್ತಿತ್ತಲ್ಲಮ್ಮಿ..."

"ನಮ್ ಮ್ಯಾಲೂ ಬತ್ತಿತ್ತು."

ತಿಮ್ಮಯ್ಯ ಶಾಲಿನ ಅಂಚನ್ನು ಮಡಿಚಿದರು, ಬಿಚ್ಚಿದರು. "ಮುಚ್ದೆ" ಎಂದರು ಕೊನೆಗೆ, ತಮ್ಮ ಮೊಣಕಾಲಿಗೆ ಹೇಳುವಂತೆ.

"ಜೋರಾಗಿ ಯೋಳು. ಹಿಂದಿರೋರ್ಗೆ ಕೇಳ್ನಿಲ್ಲ."

"ಮುಚ್ದೆ ಕಣಮ್ಮಿ! ನಾನೇ ಮುಚ್ದೆ!"

ಅಜ್ಜಿ ನಾಬನ್ನು ತೂತಿಗಿಟ್ಟು ತಿರುಗಿಸಿದಳು. ಟಕ್. ಮುಂದಿನ ಸಾಲಿನ ಒಂದು ಕುರ್ಚಿಯ ಮುಂದೆ ಹೋಗಿ ನಿಂತಳು. ಕೂತಿದ್ದಾತ ಎದ್ದ. ಅವಳು ಕೂತಳು. ಹಿಂದಿದ್ದ ನಮ್ಮ ಹೆಂಗಸರೂ ಬಂದು ನೆಲದ ಮೇಲೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಪರದೆ ಬೆಳಗಿತು. ಯಾರೋ ಅಧಿಕಾರಿ ಕಬ್ಬಿನ ಗೊಣ್ಣೆಹುಳುವಿನ ಬಗ್ಗೆ ಮಾತಾಡುತ್ತಿದ್ದ. ಅಜ್ಜಿ ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು.

"ಇಷ್ಟೇಯಾ!" ಎಂದಳು.

ಎದ್ದು ಹೋಗಿ ಟಿ.ವಿ. ಆರಿಸಿ, ನಾಬು ಕಿತ್ತು ಮತ್ತೆ ಚೀಲಕ್ಕೆ ಹಾಕಿದಳು. "ಮೇಷ್ಟ್ರೇ, ಅದ್ನ ಸರ್ಯಾಗಿ ಬರ್ದ ಮ್ಯಾಲೆ ಯೋಳ್ಕಳಿಸಿ. ತಂದು ಕೊಡ್ತೀನಿ." ಇದುವರೆಗೆ ಅವಳು ಅವರನ್ನು ಕೈಮುಗಿದು ಬುದ್ದಿ ಎಂದೇ ಕರೆಯುತ್ತಿದ್ದುದು.

ನವೆಂಬರ್ 24, ಸೋಮವಾರ. ಅಜ್ಜಿಯ ಜಗಲಿ

ಹಾಸ್ಟೆಲಿಗೆ ಇಂದೇ ಹೋಗಬೇಕಿತ್ತು. ಬೆಳಿಗ್ಗೆ ಎಂಟಕ್ಕೇ ಮೇಷ್ಟ್ರು ಬಂದರು. ಕೈಯಲ್ಲಿ ಹೊಸ ಕಾರ್ಡು, ಪೆನ್ನು. ರಾತ್ರಿ ನಿದ್ದೆ ಬಂದಿಲ್ಲವೆಂದು ಮುಖವೇ ಹೇಳುತ್ತಿತ್ತು. ಅಜ್ಜಿ ಕುರ್ಚಿ ಹಾಕಿಸಿ, ತಾನೂ ಇನ್ನೊಂದು ಕುರ್ಚಿಯಲ್ಲಿ ಎದುರಿಗೆ ಕೂತಳು. ಅಜ್ಜಿಗೆ ಓದು ಬರುವುದಿಲ್ಲ, ಹಾಗಾಗಿ ಅವರು ಬರೆದು ತಂದದ್ದನ್ನು ನಾನು ಓದಿ ಹೇಳಿದೆ: "ಊರಿನವರು ಒಳಗೆ ಕೂತು ನೋಡಿದ, ಕೆಲವರು ಹೊರಗೆ ನಿಂತು ನೋಡಿದ ಟಿ.ವಿ."

"ಇನ್ನೊಂದ್ ಕಿತ ಓದು."

ಓದಿದೆ.

"ಕೆಲವರು ಅಂದ್ರೆ ಯಾರು ಮೇಷ್ಟ್ರೇ? ಎಸ್ರು ಇಲ್ವಾ ನಮ್ಗೆ? ಊರಿನೋರು ಅಂದ್ರೆ ಅವ್ರು, ನಾವು ಯಾವೂರೋರು?"

ಮೇಷ್ಟ್ರು ಬರೆದದ್ದನ್ನೆಲ್ಲ ಹೊಡೆದುಹಾಕಿದರು. ಹಲ್ಲು ಕೀಳಿಸಿಕೊಂಡವರಂತೆ ಕಾಣಲಿಲ್ಲ. "ನೀವೇ ಹೇಳಿ ಸೋಮಮ್ಮನವರೇ. ನಾನು ಬರಕೊಳ್ತೀನಿ."

ಅಜ್ಜಿ ಕಣ್ಣು ಮುಚ್ಚಿಕೊಂಡು ಕಿಟಕಿಯ ಎಡಗಡೆಯಿಂದ ಶುರು ಮಾಡಿದಳು. ಯಾರು ಎಲ್ಲಿ ನಿಂತಿರುತ್ತಿದ್ದರೋ ಅದೇ ಸಾಲಿನಲ್ಲಿ, ಯಾರ ಹೆಗಲ ಮೇಲೆ ಯಾವ ಮಗು ಎಂಬುದೂ ಸೇರಿ. ಕೆಲವರು ತೀರಿಕೊಂಡಿದ್ದಾರೆ. ಒಬ್ಬನ ಹೆಸರಿಗೆ ತಡವರಿಸಿದಳು, ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿ ಹೇಳಿದಳು. ಈಗ ಜಗಲಿ ತುಂಬ ಜನ, ಒಬ್ಬೊಬ್ಬರೂ ತಮ್ಮ ಅವ್ವನ ಜಾಗ, ಅಪ್ಪನ ಜಾಗ ತೋರಿಸುತ್ತಿದ್ದಾರೆ. ಮೇಷ್ಟ್ರ ಕಾರ್ಡು ಆರನೆಯ ಹೆಸರಿಗೇ ತುಂಬಿತು.

ಮನೆಯಲ್ಲಿ ಬೇರೆ ಕಾಗದವಿಲ್ಲ. ಈ ಡೈರಿಯದೇ ಹಾಳೆ ಹರಿದು ಹರಿದು ಕೊಡುತ್ತಿದ್ದೇನೆ. ಇಪ್ಪತ್ತಮೂರು ಹೆಸರಾಗಿದೆ, ಇನ್ನೂ ಗಂಡಸರ ಸಾಲೇ ಮುಗಿದಿಲ್ಲ. ನನ್ನ ಮಾತು ಇಲ್ಲಿಗೆ ಸಾಕು. ಮಿಕ್ಕ ಹಾಳೆಗಳೆಲ್ಲ ಹೆಂಗಸರ ಸಾಲಿಗೆ ಬೇಕು.